ಅಂತರ್ಜಾಲವೂ ಅಂತರಂಗವೂ

ಶರನ್ನವರಾತ್ರಿಯು ಬಂತೆಂದರೆ ನಾವು ಎಲ್ಲಿದ್ದರೂ ನಮ್ಮ ಮನಸ್ಸು ಹುಟ್ಟೂರಿನ ಹಾದಿಯನ್ನು ಹಿಡಿಯುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಬೆಳೆದ ನನಗೆ ನವರಾತ್ರಿ ಎಂದೊಡನೆ ನೆನಪಾಗುವುದು ಗೊಂಬೆಯ ಆರತಿ. ಸಂಜೆಯಾಗುತ್ತಲೇ ಬೀದಿಯ ಮಕ್ಕಳೆಲ್ಲ ಗುಂಪುಗೂಡಿ ಮನೆಮನೆಯ ಬಾಗಿಲಿಗೆ ಹೋಗಿ, "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳುತ್ತಿದ್ದೆವು. ಪಟ್ಟದ ಗೊಂಬೆಗಳಿಗೆ ಆರತಿ ಎತ್ತಿದ ಬಳಿಕ ಆ ಮನೆಯ ತಾಯಿ ಕೈಗೆ ಹಾಕುತ್ತಿದ್ದ ಒಂದು ಹಿಡಿ ಚರುಪಿನ ಬಿಸಿ ಇಂದಿಗೂ ಅಂಗೈಯಲ್ಲಿ ಉಳಿದಿರುವಂತೆ ಭಾಸವಾಗುತ್ತದೆ.

ಕಳೆದ ವರ್ಷದ ನವರಾತ್ರಿಯಲ್ಲಿ ಪಲ್ಲಾವರದ ನಮ್ಮ ಮನೆಯಲ್ಲಿ ಕುಳಿತು ನಾನು ಸುಮಾರು ನಲವತ್ತು ಮನೆಗಳ ಗೊಂಬೆಗಳನ್ನು ನೋಡಿದೆ. ಎಲ್ಲವೂ ಅಂಗೈಯೊಳಗಿನ ಮೊಬೈಲಿನ ಪರದೆಯ ಮೇಲೆ. ಬೆಂಗಳೂರಿನವು, ಮೈಸೂರಿನವು, ಅಮೆರಿಕದಲ್ಲಿರುವ ಸೋದರಳಿಯನ ಮನೆಯದೂ ಅವುಗಳಲ್ಲಿದ್ದವು. ಒಂದೊಂದಕ್ಕೂ ಜೋಡಿಸಿದ ಕರಗಳ ಚಿಹ್ನೆಯೊಂದನ್ನು ಮರಳಿ ಕಳುಹಿಸಿದೆ. ಒಂಬತ್ತು ದಿನಗಳು ಮುಗಿದ ಮೇಲೆ ಲೆಕ್ಕ ಹಾಕಿದರೆ, ನಾನು ದಾಟಿದ ಹೊಸ್ತಿಲುಗಳ ಸಂಖ್ಯೆ ಸೊನ್ನೆ. ನಮ್ಮ ಮನೆಯ ಹೊಸ್ತಿಲನ್ನು ದಾಟಿ ಬಂದವರ ಸಂಖ್ಯೆಯೂ ಸೊನ್ನೆ.

ವೇದಾಂತದ ವಿಚಾರವನ್ನು ಬರೆಯುವಷ್ಟು ಪಾಂಡಿತ್ಯ ನನಗಿಲ್ಲ. ಬಿ.ಎ. ಪದವಿಯವರೆಗೆ ಓದಿ, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬ್ಯಾಂಕಿನ ಗುಮಾಸ್ತನಾಗಿ ಜಮೆ ಖರ್ಚುಗಳ ನಡುವೆ ಬಾಳಿದವನು ನಾನು. ಆದರೂ ಆ ಎರಡು ಸೊನ್ನೆಗಳು ನನ್ನ ನಿದ್ರೆಯನ್ನು ಕೆಡಿಸಿದವು. ಇಷ್ಟೊಂದು ಜನರೊಡನೆ ಸಂಪರ್ಕವಿರುವ ಮನುಷ್ಯ ಇಷ್ಟೊಂದು ಒಂಟಿಯಾಗಿರುವುದು ಹೇಗೆ ಸಾಧ್ಯ? ಅಂತರ್ಜಾಲವು ನಮ್ಮನ್ನು ಕೂಡಿಸಿತೋ, ಅಗಲಿಸಿತೋ? ಈ ಪ್ರಶ್ನೆಯನ್ನು ನನ್ನ ಅಲ್ಪಮತಿಗೆ ತೋಚಿದಂತೆ ಇಲ್ಲಿ ವಿಚಾರ ಮಾಡಿದ್ದೇನೆ. ವಾಚಕ ಮಹಾಶಯರು ತಪ್ಪಿದ್ದರೆ ತಿದ್ದಬೇಕು.

ಮೊದಲು ಉಪಕಾರವನ್ನು ನೆನೆಯುವುದು ಧರ್ಮ. 1995 ರ ಆಗಸ್ಟ್ 15 ರಂದು ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿದಾಗ ಅದನ್ನು ಮೊದಲು ಪಡೆದ ನಗರಗಳಲ್ಲಿ, ಆಗ ಇನ್ನೂ ಮದ್ರಾಸು ಎಂದೇ ಹೆಸರಿದ್ದ ನಮ್ಮ ನಗರವೂ ಒಂದು. ಅದಕ್ಕೂ ಮುಂಚೆ ಊರುಬಿಟ್ಟು ಬಂದ ಕನ್ನಡಿಗನಿಗೂ ಅವನ ತಾಯ್ತಂದೆಯರಿಗೂ ನಡುವೆ ಇದ್ದುದು ಒಂದು ನೀಲಿ ಇನ್‌ಲ್ಯಾಂಡ್ ಪತ್ರ, ಇಲ್ಲವೇ ಎಸ್.ಟಿ.ಡಿ. ಅಂಗಡಿಯ ಮುಂದಿನ ಸಾಲು. ಮೀಟರಿನ ಅಂಕಿಗಳು ಓಡುವುದನ್ನು ನೋಡುತ್ತಲೇ "ಎಲ್ಲ ಕ್ಷೇಮವೇ?" ಎಂದು ಕೇಳಿ ಮುಗಿಸಬೇಕಾಗಿತ್ತು. ಇಂದು ಎಂಬತ್ತರ ಅಜ್ಜಿ ಕುಳಿತಲ್ಲಿಂದಲೇ ಕಡಲಾಚೆಯ ಮೊಮ್ಮಗನ ಮೊದಲ ಹೆಜ್ಜೆಯನ್ನು ನೋಡುತ್ತಾಳೆ. 2015 ರ ಡಿಸೆಂಬರ್ ಮೊದಲ ವಾರ ಚೆನ್ನೈ ನಗರ ಮುಳುಗಿದಾಗ, ಅಪರಿಚಿತರಿಗೆ ಆಶ್ರಯ ಕೊಡಲು ಸಿದ್ಧವಾಗಿದ್ದ ಮನೆಗಳ ಪಟ್ಟಿ ಹರಿದಾಡಿದ್ದು ಅಂತರ್ಜಾಲದ ಮೂಲಕವೇ. 2020 ರ ಮಾರ್ಚ್ 25 ರಿಂದ ದೇಶವೇ ಬಾಗಿಲು ಮುಚ್ಚಿಕೊಂಡಾಗ ಊರಿನ ದೇವರ ಮಂಗಳಾರತಿಯನ್ನು ನಮ್ಮ ಕಣ್ಣಿಗೆ ತಂದು ತೋರಿಸಿದ್ದೂ ಅದೇ. ಇಂಥ ಸಾಧನವನ್ನು ಕೇವಲ ಮಾಯೆಯೆಂದು ಹಳಿಯುವುದು ಕೃತಘ್ನತೆಯಾದೀತು.

ಆದರೂ ಜಗತ್ತಿನ ಹಿರಿಯ ವೈದ್ಯರು ಇಂದು ಹೇಳುತ್ತಿರುವ ಮಾತೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2025 ರ ಜೂನ್ 30 ರಂದು ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ಇದು ಮುಪ್ಪಿನ ಕಾಯಿಲೆಯಷ್ಟೇ ಅಲ್ಲ, ಹದಿಹರೆಯದವರನ್ನೂ ಬಲವಾಗಿ ಹಿಡಿದಿದೆ. ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ ಮೂರ್ತಿಯವರು 2023 ರ ಮೇ ತಿಂಗಳಲ್ಲಿ ಹೊರಡಿಸಿದ ಎಚ್ಚರಿಕೆಯ ಪತ್ರದಲ್ಲಿ, ಜನಸಂಬಂಧವಿಲ್ಲದ ಬಾಳು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಬಹುದಾದಷ್ಟು ಆಯುಸ್ಸಿಗೆ ಹಾನಿಕರವೆಂದು ಹೇಳಲಾಗಿದೆ. ಈ ಮೂರ್ತಿಯವರ ಮನೆತನದ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಮೂರು ಮನೆಗಳಾಚೆ ಸೀನಿದರೂ "ಏನು, ನೆಗಡಿಯೇ?" ಎಂದು ವಿಚಾರಿಸುವ ಸೀಮೆಯ ಕುಡಿಯೊಂದು ಒಂಟಿತನದ ಬಗ್ಗೆ ಜಗತ್ತನ್ನು ಎಚ್ಚರಿಸಬೇಕಾಗಿ ಬಂದುದನ್ನು ನೆನೆದಾಗ ಮನಸ್ಸು ಮೌನವಾಗುತ್ತದೆ.

ಅಂಕಿಅಂಶಗಳು ಇರಲಿ. ನನಗೆ ಈ ವಿಷಯದ ಅರಿವನ್ನು ತಂದುಕೊಟ್ಟವರು ಒಬ್ಬ ಹಿರಿಯರು. ನನ್ನ ತಪ್ಪೊಂದನ್ನು ಒಪ್ಪಿಕೊಳ್ಳದೆ ಅವರ ವಿಷಯವನ್ನು ಹೇಳಲಾರೆ.

ಸರ್ಕಾರದ ನಿವೃತ್ತಿ ವೇತನ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ತಾವು ಬದುಕಿರುವುದಾಗಿ ಪ್ರಮಾಣಪತ್ರ ಒಪ್ಪಿಸಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ತಿಂಗಳು ನಮ್ಮ ಬ್ಯಾಂಕಿನ ಶಾಖೆ ಒಂದು ಜಾತ್ರೆಯಂತಿರುತ್ತಿತ್ತು. ಊರುಗೋಲು ಹಿಡಿದವರು, ಮಗಳ ಹೆಗಲನ್ನು ಹಿಡಿದವರು, ವರ್ಷದ ಬಳಿಕ ಹಳೆಯ ಸಹೋದ್ಯೋಗಿಯನ್ನು ಕಂಡು ಕಣ್ಣರಳಿಸುವವರು, "ಕಳೆದ ಸಲ ಇಲ್ಲೇ ಕುಳಿತಿದ್ದರಲ್ಲ, ಅವರೆಲ್ಲಿ?" ಎಂದು ಕೇಳಿ ಉತ್ತರ ಬಾರದೆ ಸುಮ್ಮನಾಗುವವರು. 2014 ರ ನವೆಂಬರ್ 10 ರಂದು ಸರ್ಕಾರವು ಬೆರಳಚ್ಚಿನ ಮೂಲಕ ಈ ಪ್ರಮಾಣಪತ್ರ ಕೊಡುವ ಜೀವನ್ ಪ್ರಮಾಣ್ ಎಂಬ ಏರ್ಪಾಟನ್ನು ಆರಂಭಿಸಿತು. 2021 ರಿಂದ ಮನೆಯಲ್ಲೇ ಕುಳಿತು ಮೊಬೈಲಿಗೆ ಮುಖ ತೋರಿಸಿದರೂ ಸಾಕೆಂದಾಯಿತು. ಹಾಸಿಗೆ ಹಿಡಿದ ತಂದೆಯನ್ನು ಆಟೋದಲ್ಲಿ ಮಲಗಿಸಿಕೊಂಡು ತರುತ್ತಿದ್ದ ಮಕ್ಕಳನ್ನು ಕಂಡಿರುವ ನಾನು, ಇದು ಪುಣ್ಯದ ಕೆಲಸವೆಂದೇ ಇಂದಿಗೂ ನಂಬಿದ್ದೇನೆ.

ಆ ಹಿರಿಯರು ಕೇಂದ್ರ ಸರ್ಕಾರದ ಇಲಾಖೆಯೊಂದರಿಂದ ನಿವೃತ್ತರಾದವರು. ವಯಸ್ಸು ಎಪ್ಪತ್ತೈದು ದಾಟಿತ್ತು. ಪತ್ನಿ ತೀರಿಕೊಂಡಿದ್ದರು, ಮಗ ಕೆನಡಾದಲ್ಲಿ. ಕೌಂಟರಿನಲ್ಲಿ ಕನ್ನಡದವನೊಬ್ಬನಿದ್ದಾನೆಂದು ತಿಳಿದ ಮೇಲೆ ಪ್ರತಿ ತಿಂಗಳೂ ಪಾಸ್‌ಬುಕ್ಕಿಗೆ ದಾಖಲೆ ಹಾಕಿಸುವ ನೆಪದಲ್ಲಿ ಬರುತ್ತಿದ್ದರು. ಸಾಲು ಬೆಳೆಯುತ್ತಿದ್ದರೂ ಅವರ ಮಾತು ಮುಗಿಯುತ್ತಿರಲಿಲ್ಲ. ನಿಜವನ್ನು ಹೇಳಬೇಕೆಂದರೆ, ಅವರು ಬರುವುದನ್ನು ಕಂಡಾಗ ನನ್ನೊಳಗೆ ಸಣ್ಣದೊಂದು ಬೇಸರ ಏಳುತ್ತಿತ್ತು. 2022 ರ ನವೆಂಬರ್‌ನಲ್ಲಿ ನಾನೇ ಅವರ ಮೊಬೈಲನ್ನು ತೆಗೆದುಕೊಂಡು, ಪ್ರಮಾಣಪತ್ರ ಕೊಡುವ ಕ್ರಮವನ್ನೂ ಖಾತೆಯ ಬಾಕಿಯನ್ನು ನೋಡುವ ಬಗೆಯನ್ನೂ ಕಲಿಸಿ, "ಇನ್ನು ಮೇಲೆ ನೀವು ಈ ಬಿಸಿಲಿನಲ್ಲಿ ಬರುವ ತೊಂದರೆಯೇ ಇಲ್ಲ, ಸಾರ್" ಎಂದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಆಗಲಪ್ಪಾ" ಎಂದು ಹೊರಟುಹೋದರು. ಅದನ್ನು ನಾನು ಉಪಕಾರವೆಂದು ಭಾವಿಸಿದೆ.

ಮುಂದಿನ ವರ್ಷ ಅವರು ಬರಲಿಲ್ಲ. ಪ್ರಮಾಣಪತ್ರ ಮಾತ್ರ ಕಂಪ್ಯೂಟರಿನಲ್ಲಿ ಕ್ರಮವಾಗಿ ದಾಖಲಾಗಿತ್ತು. 2024 ರ ಜನವರಿಯಲ್ಲಿ ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ, ಹಳೆಯ ಗಡಿಯಾರಗಳನ್ನು ಮಾರುವವನ ಮುಂದೆ ಅವರು ಸುಮ್ಮನೆ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಮೊಬೈಲಿನಲ್ಲಿ ಕೆಲಸ ಸರಿಯಾಗಿ ಆಯಿತೇ ಎಂದು ನಾನು ವಿಚಾರಿಸಿದೆ. ಅವರು ನಕ್ಕು ಹೇಳಿದರು: "ಆಯಿತಪ್ಪಾ. ಕಣ್ಣು ಮಿಟುಕಿಸು ಎಂದಿತು, ಮಿಟುಕಿಸಿದೆ. ಇದ್ದಾನೆ ಎಂದು ಬರೆದುಕೊಂಡಿತು. ಹೇಗಿದ್ದಾನೆ ಎಂದು ಮಾತ್ರ ಕೇಳಲಿಲ್ಲ."

ತಲೆಯ ಮೇಲೆ ಮೀನಂಬಾಕ್ಕಂ ಕಡೆಗೆ ವಿಮಾನವೊಂದು ಇಳಿಯುತ್ತಿತ್ತು. ಆ ಸದ್ದು ಮುಗಿಯುವವರೆಗೆ ನಾವಿಬ್ಬರೂ ಮಾತನಾಡಲಿಲ್ಲ. ಸದ್ದು ಮುಗಿದ ಮೇಲೂ ನನಗೆ ಮಾತು ಹೊರಡಲಿಲ್ಲ.

ಆ ರಾತ್ರಿ ನನಗೆ ಮಹಾಭಾರತದ ನಳೋಪಾಖ್ಯಾನ ನೆನಪಿಗೆ ಬಂತು. ದಮಯಂತಿಯ ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ತಾಳಿ ಅವನ ಪಕ್ಕದಲ್ಲಿ ಕುಳಿತಿರುತ್ತಾರೆ. ದೇವತೆಗಳ ಕಣ್ಣು ಮಿಟುಕುವುದಿಲ್ಲ, ಮೈ ಬೆವರುವುದಿಲ್ಲ, ಮುಡಿದ ಹೂ ಬಾಡುವುದಿಲ್ಲ. ಕಣ್ಣು ಮಿಟುಕುವ, ಬೆವರುವ, ಹೂ ಬಾಡಿದ ಒಬ್ಬನನ್ನು ಕಂಡು ದಮಯಂತಿ ಇವನೇ ಮನುಷ್ಯ, ಇವನೇ ನನ್ನ ನಳ ಎಂದು ಗುರುತಿಸುತ್ತಾಳೆ. ಇಂದಿನ ಯಂತ್ರವೂ ಅದೇ ಗುರುತನ್ನು ಹಿಡಿಯುತ್ತದೆ; ಕಣ್ಣು ಮಿಟುಕಿದರೆ ಜೀವಂತ ಮನುಷ್ಯನೆಂದು ಒಪ್ಪುತ್ತದೆ. ಆದರೆ ದಮಯಂತಿ ಗುರುತಿಸಿದ್ದು ವರಿಸುವುದಕ್ಕಾಗಿ. ಯಂತ್ರವು ಗುರುತಿಸುವುದು ಮುಂದಿನವರನ್ನು ಕರೆಯುವುದಕ್ಕಾಗಿ. ಯಂತ್ರವನ್ನು ಏಕೆ ದೂರಲಿ? ಕೌಂಟರಿನ ಹಿಂದೆ ಕುಳಿತು ಅದೇ ಹಿರಿಯರ ಸಹಿಯನ್ನು ತಾಳೆ ನೋಡಿ "ಮುಂದಿನವರು ಬನ್ನಿ" ಎನ್ನುತ್ತಿದ್ದ ನಾನು ಎಂಥ ನೋಟದಿಂದ ನೋಡುತ್ತಿದ್ದೆ? ಯಂತ್ರ ಬರುವುದಕ್ಕೆ ಮೊದಲೇ ನನ್ನ ಕಣ್ಣು ಯಂತ್ರವಾಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ನಮ್ಮ ಹಿರಿಯರು ಏಕಾಂತವನ್ನು ಹೊಗಳಿದ್ದಾರೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಯೋಗಿಗೆ ಒಬ್ಬನೇ ಕುಳಿತು ಮನಸ್ಸನ್ನು ನಿಲ್ಲಿಸೆಂದು ಉಪದೇಶಿಸುತ್ತಾನೆ. ಹಾಗಿರುವಾಗ ವೃದ್ಧಾಪ್ಯದಲ್ಲಿ ಒದಗಿ ಬಂದ ಒಂಟಿತನವನ್ನು ಸಾಧನೆಗೆ ಸಿಕ್ಕ ಅವಕಾಶವೆಂದು ಭಾವಿಸಬಾರದೇಕೆ? ಜನರ ಒಡನಾಟವನ್ನು ಬಯಸುವುದೇ ಒಂದು ದೌರ್ಬಲ್ಯವಲ್ಲವೇ?

ಪ್ರಶ್ನೆ ಯೋಗ್ಯವಾದುದೇ. ಆದರೆ ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತವೆಂಬುದು ತುಂಬಿದ ಮನೆಯಿಂದ ಎದ್ದು ಹೋಗಿ ದೇವರ ಕೋಣೆಯ ಬಾಗಿಲನ್ನು ಹಾಕಿಕೊಂಡಂತೆ. ಒಂಟಿತನವೆಂಬುದು ಹೊರಗಿನಿಂದ ಯಾರೋ ಅಗುಳಿ ಹಾಕಿದಂತೆ. ಮೊದಲನೆಯದರಲ್ಲಿ ಬಾಗಿಲು ನಮ್ಮ ಕೈಯಲ್ಲಿರುತ್ತದೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಸೃಷ್ಟಿಯ ಆದಿಯ ವರ್ಣನೆಯೊಂದಿದೆ. ಆಗ ಆತ್ಮನೊಬ್ಬನೇ ಇದ್ದನು. ಅವನಿಗೆ ಭಯವಾಯಿತು. ನನ್ನ ಹೊರತು ಎರಡನೆಯದೇ ಇಲ್ಲದಿರುವಾಗ ಭಯವೇಕೆ ಎಂದು ವಿಚಾರಿಸಿದನು, ಭಯ ತೊಲಗಿತು. ಆದರೂ ಅವನಿಗೆ ಸಂತೋಷವಾಗಲಿಲ್ಲ. ಒಬ್ಬನೇ ಇರುವವನಿಗೆ ಸಂತೋಷವಿಲ್ಲವೆಂದು ಹೇಳಿ, ಅವನು ಎರಡನೆಯದನ್ನು ಬಯಸಿದನೆಂದು ಉಪನಿಷತ್ತು ಮುಂದುವರಿಯುತ್ತದೆ. ಭಯ ಹೋಗುವುದು ವಿಚಾರದಿಂದ, ಸಂತೋಷ ಬರುವುದು ಇನ್ನೊಬ್ಬರಿಂದ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಋಷಿಯ ಪ್ರಾಮಾಣಿಕತೆ ಎಷ್ಟು ದೊಡ್ಡದು! ಸೃಷ್ಟಿಕರ್ತನಿಗೇ ಬೇಕೆನಿಸಿದ ಜೊತೆಯನ್ನು ಎಪ್ಪತ್ತೈದು ದಾಟಿದ ಒಬ್ಬ ನಿವೃತ್ತ ನೌಕರ ಬಯಸಿದರೆ ಅದು ದೌರ್ಬಲ್ಯವೆನ್ನಲು ನಾವು ಯಾರು?

ಅಂತರ್ಜಾಲದ ತೊಡಕು ಇರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಮೌನ ಕವಿದೊಡನೆ ಕೈ ಮೊಬೈಲಿಗೆ ಹೋಗುತ್ತದೆ. ಒಬ್ಬನೇ ಇದ್ದೇನೆಂಬ ಭಯ ಆ ಕ್ಷಣಕ್ಕೆ ಮರೆಯಾಗುತ್ತದೆ. ವಿಚಾರದಿಂದ ಅಲ್ಲ, ಗದ್ದಲದಿಂದ. ಆದರೆ ಜೊತೆಯ ಸಂತೋಷ ದೊರೆಯುವುದಿಲ್ಲ. ಏಕಾಂತವೂ ಕೆಟ್ಟಿತು, ಸತ್ಸಂಗವೂ ದಕ್ಕಲಿಲ್ಲ. ಗೀತೆಯ ಅದೇ ಆರನೆಯ ಅಧ್ಯಾಯ ಮುಂದುವರಿದು, ಇತರರ ಸುಖದುಃಖಗಳನ್ನು ತನ್ನದರಂತೆಯೇ ಕಾಣುವವನೇ ಶ್ರೇಷ್ಠ ಯೋಗಿ ಎಂದು ಸಾರುತ್ತದೆಂಬುದನ್ನು ಮರೆಯಬಾರದು. ಒಬ್ಬನೇ ಕುಳಿತ ಯೋಗಿ ಕೊನೆಗೆ ಬಂದು ಮುಟ್ಟುವುದು ಇನ್ನೊಬ್ಬರ ನೋವಿನ ಬಾಗಿಲನ್ನೇ.

ಹಾಗಾದರೆ ದೂರದಿಂದ ಸಂಬಂಧವೇ ಸಾಧ್ಯವಿಲ್ಲವೇ? ಹಾಗೆ ಹೇಳಲಾರೆ. 2003 ರಲ್ಲಿ ನಾನು ಕೆಲಸಕ್ಕೆಂದು ಈ ನಗರಕ್ಕೆ ಬಂದಾಗ ನನ್ನ ತಂದೆಯವರು ತಿಂಗಳಿಗೆರಡು ಇನ್‌ಲ್ಯಾಂಡ್ ಪತ್ರಗಳನ್ನು ಬರೆಯುತ್ತಿದ್ದರು. ಮಡಿಕೆಯ ಅಂಚಿನಲ್ಲೂ ಜಾಗ ಬಿಡದೆ, ಮಳೆ, ಬೆಳೆ, ಹಸು ಈದದ್ದು ಎಲ್ಲವನ್ನೂ ತುಂಬುತ್ತಿದ್ದರು. ಆ ಕಾಗದದಲ್ಲಿ ಅವರ ಬಾಳಿನ ಒಂದು ಗಂಟೆ ಇರುತ್ತಿತ್ತು. ಮುನ್ನೂರು ಮೈಲಿ ದೂರದಲ್ಲಿದ್ದರೂ ನಾನು ಆಗ ಒಂಟಿಯೆಂದು ಅನಿಸಲಿಲ್ಲ. ಇಂದು ದಿನಕ್ಕೆ ಹತ್ತು ಶುಭೋದಯದ ಚಿತ್ರಗಳು ಬರುತ್ತವೆ. ಅವುಗಳಲ್ಲಿ ಯಾರ ಬಾಳಿನ ಅರೆಗಳಿಗೆಯೂ ಇಲ್ಲ. ಆದ್ದರಿಂದ ಕುಂದು ದೂರದಲ್ಲಿಲ್ಲ, ತಂತಿಯಲ್ಲೂ ಇಲ್ಲ; ಅದರೊಳಗೆ ನಮ್ಮನ್ನು ನಾವು ಎಷ್ಟು ಇಟ್ಟಿದ್ದೇವೆಂಬುದರಲ್ಲಿದೆ.

ಭಾಗವತದಲ್ಲಿ ಪ್ರಹ್ಲಾದನು ಹೇಳಿದ ಒಂಬತ್ತು ಬಗೆಯ ಭಕ್ತಿಯನ್ನು ಈ ಒಂಬತ್ತು ರಾತ್ರಿಗಳಲ್ಲಿ ಒಂದೊಂದಾಗಿ ನೆನೆಯುವುದು ಉಚಿತ. ಶ್ರವಣ, ಕೀರ್ತನ, ಸ್ಮರಣ ಈ ಮೂರನ್ನೂ ಅಂತರ್ಜಾಲವು ನಮಗೆ ಧಾರಾಳವಾಗಿ ಒದಗಿಸಿದೆ. ದಾಸರ ಪದ ಬೇಕೆಂದರೆ ದಾಸರ ಪದ, ವಚನ ಬೇಕೆಂದರೆ ವಚನ, ಅರ್ಧರಾತ್ರಿಯಲ್ಲೂ ಕಿವಿಗೆ ಬೀಳುತ್ತದೆ. ನಾಲ್ಕನೆಯದಾದ ಪಾದಸೇವನೆಗೆ ಬಂದಾಗ ನಾವು ಎದ್ದು ನಡೆಯಬೇಕಾಗುತ್ತದೆ. ಅರ್ಚನೆಗೆ ಕೈ ಬೇಕು, ವಂದನೆಗೆ ಬಾಗುವ ತಲೆ ಬೇಕು, ದಾಸ್ಯಕ್ಕೆ ಬೆವರು ಬೇಕು. ಸಖ್ಯ ಮತ್ತು ಆತ್ಮನಿವೇದನೆಗಳಿಗಂತೂ ನಮ್ಮನ್ನೇ ಕೊಟ್ಟುಕೊಳ್ಳಬೇಕು. ಅಂತರ್ಜಾಲವು ನಮ್ಮನ್ನು ಮೂರನೆಯ ಮೆಟ್ಟಿಲವರೆಗೆ ಕರೆತಂದು ಬಿಡುತ್ತದೆ. ಅದು ದೊಡ್ಡ ಉಪಕಾರವೇ. ಮೂರನೆಯ ಮೆಟ್ಟಿಲನ್ನೇ ಗರ್ಭಗುಡಿಯೆಂದು ಭ್ರಮಿಸಿ ಅಲ್ಲಿಯೇ ಕುಳಿತುಬಿಡುವುದು ನಮ್ಮ ತಪ್ಪು. ದೇವರ ವಿಷಯದಲ್ಲಿ ನಿಜವಾದದ್ದು ನೆರೆಹೊರೆಯವರ ವಿಷಯದಲ್ಲಿಯೂ ನಿಜ.

ಲೆಕ್ಕ ಬರೆಯುವವನಾದ್ದರಿಂದ ನನಗೆ ಇನ್ನೊಂದು ಸಂದೇಹ. ಪತ್ರ ಬರೆಯುವ ಕಾಲ ಉಳಿಯಿತು, ಬ್ಯಾಂಕಿಗೆ ಬರುವ ಕಾಲ ಉಳಿಯಿತು, ರೈಲ್ವೆ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವ ಕಾಲ ಉಳಿಯಿತು. ಹೀಗೆ ಉಳಿತಾಯವಾದ ಕಾಲವೆಲ್ಲ ಯಾರ ಖಾತೆಗೆ ಜಮೆಯಾಯಿತು? ಹೆಂಡತಿಯ ಖಾತೆಗಲ್ಲ, ಮಕ್ಕಳ ಖಾತೆಗಲ್ಲ, ಮಹಡಿಯ ಮನೆಯವರ ಖಾತೆಗಂತೂ ಅಲ್ಲವೇ ಅಲ್ಲ. ಅದೇ ಪರದೆಯಿಂದ ಉಳಿದದ್ದು ಅದೇ ಪರದೆಯಲ್ಲಿ ಕರಗಿಹೋಗಿದೆ.

2015 ರ ಆ ಪ್ರಳಯದ ದಿನಗಳು ನೆನಪಾಗುತ್ತವೆ. ಡಿಸೆಂಬರ್ 1 ರ ರಾತ್ರಿ ಅಡ್ಯಾರು ನದಿ ಉಕ್ಕಿ ಅನಕಾಪುತ್ತೂರು ಮೊದಲಾದ ನಮ್ಮ ಸುತ್ತಲಿನ ಬಡಾವಣೆಗಳಿಗೆ ನುಗ್ಗಿತು. ವಿಮಾನ ನಿಲ್ದಾಣ ಮುಚ್ಚಿತು. ನಮ್ಮ ಆಕಾಶ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. 1878 ರಲ್ಲಿ ಆರಂಭವಾದ 'ಹಿಂದೂ' ಪತ್ರಿಕೆ ಡಿಸೆಂಬರ್ 2 ರಂದು ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ನಮ್ಮ ವಠಾರದಲ್ಲಿ ವಿದ್ಯುತ್ತು ಹೋಯಿತು, ಮೊಬೈಲು ಸತ್ತುಹೋಯಿತು. ಆಗ ಎಂಟು ಮನೆಗಳ ಬಾಗಿಲುಗಳೂ ತೆರೆದವು. ಒಬ್ಬರ ಅಕ್ಕಿ, ಇನ್ನೊಬ್ಬರ ಗ್ಯಾಸಿನ ಒಲೆ, ಮತ್ತೊಬ್ಬರ ಮೇಣದ ಬತ್ತಿ. ಐದು ವರ್ಷ ಪಕ್ಕದಲ್ಲಿದ್ದ ತಮಿಳು ಮಿತ್ರರ ಹೆಸರನ್ನು ನಾನು ಮೊದಲು ಕೇಳಿ ತಿಳಿದದ್ದು ಆ ಕತ್ತಲೆಯಲ್ಲಿ. ನಾಲ್ಕನೆಯ ದಿನ ವಿದ್ಯುತ್ತು ಬಂತು, ಮೊಬೈಲುಗಳು ಒಂದೊಂದಾಗಿ ಮಿನುಗಿದವು. ಎಂಟು ಬಾಗಿಲುಗಳೂ ಒಂದೊಂದಾಗಿ ಮುಚ್ಚಿಕೊಂಡವು. ಮುಚ್ಚಿದವರಲ್ಲಿ ನಾನೂ ಒಬ್ಬ.

ಬಾಗಿಲು ತೆರೆಯಲು ಪ್ರಳಯವೇ ಬರಬೇಕೇ? ಹಬ್ಬ ಸಾಲದೇ? ನಮ್ಮ ಪೂರ್ವಿಕರು ಹಬ್ಬಗಳನ್ನು ಮಾಡಿದ್ದು ಬಹುಶಃ ಇದಕ್ಕಾಗಿಯೇ ಇರಬೇಕು. ಉತ್ತರ ಕರ್ನಾಟಕದ ನಮ್ಮ ಬಂಧುಗಳು ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಹಿಡಿದು ಮನೆಮನೆಗೆ ಹೋಗಿ ಹಂಚುತ್ತಾರೆ. ಹಿರಿಯರ ಕಾಲಿಗೆ ಎರಗುತ್ತಾರೆ. ವರ್ಷವೆಲ್ಲ ಮುನಿಸಿಕೊಂಡವರು ಅಂದು ಮಾತನಾಡುತ್ತಾರೆ. ಬನ್ನಿಯ ಚಿತ್ರವನ್ನು ಸಾವಿರ ಜನರಿಗೆ ಕಳುಹಿಸಬಹುದು. ಆದರೆ ಎಲೆ ಬಂಗಾರವಾಗುವುದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದಾಗ ಮಾತ್ರ.

ಆದುದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮೊಬೈಲನ್ನು ಬಿಸಾಡಬೇಕಾಗಿಲ್ಲ, ಅದರಲ್ಲಿರುವ ಹೆಸರುಗಳ ಪಟ್ಟಿಯನ್ನು ಒಮ್ಮೆ ತೆರೆದು, ಒಂಟಿಯಾಗಿರುವ ಒಬ್ಬ ಹಿರಿಯರ ಹೆಸರನ್ನು ಹುಡುಕಿ, ಈ ದಶಮಿಯಂದು ಅವರ ಮನೆಯ ಹೊಸ್ತಿಲನ್ನು ದಾಟೋಣ. ನವೆಂಬರ್ ಬಂದಾಗ ಅವರ ಪ್ರಮಾಣಪತ್ರದ ಕೆಲಸವನ್ನು ಪಕ್ಕದಲ್ಲಿ ಕುಳಿತು ಮಾಡಿಕೊಡೋಣ. ಯಂತ್ರಕ್ಕೆ ಎರಡು ನಿಮಿಷ ಸಾಕು. ಉಳಿದ ಗಂಟೆ ನಮ್ಮದು.

ನಾನು ಹೇಳಿದಂತೆ ನಡೆಯಲು ಪ್ರಯತ್ನಿಸುತ್ತಿದ್ದೇನೆ. ಬ್ಯಾಂಕಿಗೆ ರಜೆಯಿರುವ ಎರಡನೆಯ ಶನಿವಾರ ಆ ಹಿರಿಯರ ಮನೆಗೆ ಹೋಗುವುದನ್ನು ವಾಡಿಕೆ ಮಾಡಿಕೊಂಡಿದ್ದೇನೆ. ತಪ್ಪಿದ ತಿಂಗಳುಗಳೂ ಉಂಟು. ಕಳೆದ ನವೆಂಬರ್‌ನಲ್ಲಿ ಅವರ ಪಕ್ಕದಲ್ಲಿ ಕುಳಿತು ಮೊಬೈಲನ್ನು ಹಿಡಿದುಕೊಂಡೆ. ಅವರು ಕಣ್ಣು ಮಿಟುಕಿಸಿದರು. ಇದ್ದಾರೆಂದು ಯಂತ್ರ ಬರೆದುಕೊಂಡಿತು. "ಹೇಗಿದ್ದೀರಿ, ಸಾರ್?" ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅವರೇ ನನ್ನ ಕೈ ಹಿಡಿದು, "ನೀನು ಹೇಗಿದ್ದೀಯಪ್ಪಾ?" ಎಂದರು. ಚೆನ್ನಾಗಿದ್ದೇನೆಂದು ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಆ ಪ್ರಶ್ನೆಯನ್ನು, ಉತ್ತರಕ್ಕಾಗಿ ಕಾಯುತ್ತಾ, ಯಾರಾದರೂ ನನ್ನನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ! ಅವರ ಒಂಟಿತನವನ್ನು ಕಳೆಯಲು ಹೋಗಿದ್ದೇನೆಂದು ನಾನು ತಿಳಿದಿದ್ದೆ.

ಸಕಲ ಜೀವಿಗಳ ಹೃದಯದಲ್ಲಿ ನೆಲೆಸಿರುವ ಜಗನ್ಮಾತೆಯು ನಮ್ಮ ಕೈಯ ಯಂತ್ರವನ್ನು ಕಸಿದುಕೊಳ್ಳದೆ, ನಮ್ಮ ಕಣ್ಣಿನ ಯಂತ್ರವನ್ನು ಮಾತ್ರ ಕಳಚಿ, ಎದುರಿಗಿರುವವರನ್ನು ನಿಜವಾಗಿ ನೋಡುವ ನೋಟವನ್ನು ಕರುಣಿಸಲಿ. ಈ ವಿಜಯದಶಮಿಯಂದು ಎಲ್ಲ ಕನ್ನಡ ಬಂಧುಗಳಿಗೂ, ನಮಗೆ ಅನ್ನವನ್ನೂ ನೆರಳನ್ನೂ ಕೊಟ್ಟ ಈ ನಾಡಿನ ಜನರಿಗೂ ಮಂಗಳವಾಗಲಿ.